ನಿಮಗಿದು ಗೊತ್ತೇ? ಪತಂಗಗಳಿಗೆ ಗಂಧವೇ ಗುರುತು

ಕಗ್ಗತ್ತಲಲ್ಲೂ ಗಂಡು ಪತಂಗ ತನ್ನದೇ ಜಾತಿಯ ಹೆಣ್ಣನ್ನು ಹುಡುಕಿಕೊಂಡು ಹೋಗುತ್ತದೆ. ದಾರಿ ತೋರುವುದು ಹೆಣ್ಣು ಗಾಳಿಗೆ ಬಿಡುವ ಗಂಧ, ಅಂದರೆ ಫೆರೋಮೋನ್.

ಈ ಗಂಧದ ರಾಸಾಯನಿಕ ಗುಟ್ಟು ಮೊದಲು ಬಯಲಾದದ್ದು ನಮ್ಮ ರೈತರಿಗೆ ಚಿರಪರಿಚಿತವಾದ ರೇಷ್ಮೆ ಚಿಟ್ಟೆಯಲ್ಲಿ. ಗೂಡು ಬಿಟ್ಟು ಬಂದ ಹೆಣ್ಣು ಹಾರಲಾರದು. ಕೂತಲ್ಲೇ ಹೊಟ್ಟೆಯ ತುದಿಯಿಂದ ಗಂಧದ ಗ್ರಂಥಿಯನ್ನು ಹೊರಚಾಚುತ್ತದೆ. ಗಂಡು ರೆಕ್ಕೆಯನ್ನು ಪಟಪಟ ಬಡಿಯುತ್ತ, ಸುತ್ತುತ್ತ, ಹತ್ತಿರ ಬರುತ್ತದೆ. ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಸುಮಾರು 5 ಲಕ್ಷ ಹೆಣ್ಣು ಚಿಟ್ಟೆಗಳಿಂದ ಕೆಲವೇ ಮಿಲಿಗ್ರಾಂ ಗಂಧ ತೆಗೆದು, 1959ರಲ್ಲಿ ಅದಕ್ಕೆ ‘ಬಾಂಬಿಕಾಲ್’ ಎಂಬ ಹೆಸರು ಕೊಟ್ಟರು.

ಇದಕ್ಕಿಂತ ಸೋಜಿಗ ಯುರೋಪಿನ ಮೆಕ್ಕೆಜೋಳದ ಕಾಂಡಕೊರಕದ್ದು. ನೋಡಲು ಒಂದೇ ಹುಳು, ಒಳಗೆ ಎರಡು ಬಣ. ಎರಡೂ ಬಣಗಳ ಹೆಣ್ಣುಗಳು ಬೆರೆಸುವುದು ಅವೇ ಎರಡು ರಾಸಾಯನಿಕಗಳನ್ನು. ಒಂದರದ್ದು 97:3 ಪ್ರಮಾಣ, ಇನ್ನೊಂದರದ್ದು ಸರಿಸುಮಾರು ತಿರುಗುಮುರುಗು, 1:99. ಅಷ್ಟು ಸಾಕು, ಒಂದು ಬಣದ ಗಂಡು ಇನ್ನೊಂದು ಬಣದ ಹೆಣ್ಣಿನತ್ತ ಸಾಮಾನ್ಯವಾಗಿ ಸುಳಿಯುವುದಿಲ್ಲ. ಹೆಣ್ಣಿನಲ್ಲಿ ಈ ಪ್ರಮಾಣ ಬದಲಾಗುವುದು ಒಂದೇ ಜೀನ್‌ನಿಂದ ಎಂದು 2010ರಲ್ಲಿ ತಿಳಿಯಿತು. ಗಂಡಿನ ಒಲವನ್ನು ನಿರ್ಧರಿಸುವ ಜೀನ್ ಮಾತ್ರ ಬೇರೆ, ಅದು ಇರುವ ವರ್ಣತಂತುವೂ ಬೇರೆ! ಹಾಗಿದ್ದೂ ಗಂಡು ಹೆಣ್ಣಿನ ಲೆಕ್ಕ ತಾಳೆಯಾಗುವುದು ನನಗಂತೂ ಜೀವಲೋಕದ ಅತಿ ದೊಡ್ಡ ಬೆರಗುಗಳಲ್ಲೊಂದು.

ಮಿಶ್ರಣವೇ ಮುಖ್ಯ ಎಂಬುದಕ್ಕೆ ಇನ್ನೊಂದು ಉದಾಹರಣೆ ನೋಡಿ. ಬೆದೆಗೆ ಬಂದ ಏಷ್ಯಾದ ಹೆಣ್ಣಾನೆಯ ಮೂತ್ರದಲ್ಲಿರುವ ಗಂಧವಸ್ತು ನೂರಕ್ಕೂ ಹೆಚ್ಚು ಪತಂಗ ಜಾತಿಗಳ ಫೆರೋಮೋನ್‌ನಲ್ಲೂ ಇದೆ. ಇದು ಪತ್ತೆಯಾದದ್ದು 1996ರಲ್ಲಿ. ಪತಂಗಗಳಿಗೇನೂ ಗೊಂದಲವಿಲ್ಲ. ಅವುಗಳಿಗೆ ಬೇಕಾದದ್ದು ಹಲವು ವಸ್ತುಗಳ ಹದವಾದ ಮಿಶ್ರಣ.

ಈ ಗಂಧಕ್ಕೆ ಗಂಡು ಮೋಸಹೋಗುವುದೂ ಉಂಟು. ಅಮೆರಿಕದ ಬೋಲಾಸ್ ಜೇಡ ಹೆಣ್ಣು ಪತಂಗದ ಗಂಧವನ್ನೇ ಅನುಕರಿಸಿ, ಆಸೆಯಿಂದ ಬಂದ ಗಂಡನ್ನು ಅಂಟುಂಡೆಯಿಂದ ಹಿಡಿದು ತಿನ್ನುತ್ತದೆ.

ಯಾವಾಗಲೂ ಹೆಣ್ಣೇ ಕರೆಯಬೇಕೆಂದಿಲ್ಲ. ಕಾಫಿ ತೋಟಗಳ ಬಿಳಿ ಕಾಂಡಕೊರಕದಲ್ಲಿ (ಇದು ಪತಂಗವಲ್ಲ, ದುಂಬಿ) ಗಂಧ ಬಿಡುವುದು ಗಂಡು.

ಹತ್ತಿಯ ಗುಲಾಬಿ ಕಾಯಿಕೊರಕದ ಗಂಧದಲ್ಲಿ ಎರಡು ವಸ್ತುಗಳು ಹೆಚ್ಚುಕಡಿಮೆ ಸಮಪಾಲು. ತೊಗರಿಗೆ ಬೀಳುವ ಹಸಿರು ಕಾಯಿಕೊರಕದ್ದು ಬೇರೆಯೇ ಮಿಶ್ರಣ. ಒಂದರ ಲೂರ್, ಅಂದರೆ ಗಂಡನ್ನು ಸೆಳೆಯಲು ಬಲೆಯಲ್ಲಿಡುವ ಕೃತಕ ಗಂಧ, ಇನ್ನೊಂದಕ್ಕೆ ಒಗ್ಗದು. ಆದ್ದರಿಂದ ಮೋಹಕ ಬಲೆ ಕೊಳ್ಳುವಾಗ ಲೂರ್ ಪೊಟ್ಟಣದ ಮೇಲೆ ಯಾವ ಕೀಟದ ಹೆಸರಿದೆ ಎಂಬುದನ್ನು ತಪ್ಪದೆ ಓದಿ ನೋಡಿ.