ತಲೆ ನೋಡಿ, ಕೊಕ್ಕು ನೋಡಿ, ಆಮೇಲೆ ಹೆಸರಿಡಿ

ಇಂಗ್ಲೆಂಡಿನ ಕೆರೆ, ಚಳಿಗಾಲ, ಒಂದು ಬಾತು. ಬೂದು ಬೆನ್ನು, ಕಪ್ಪು ಎದೆ, ಹಿಂದಲೆಯಲ್ಲಿ ಸಣ್ಣ ಉಬ್ಬು. ಅಮೆರಿಕದಿಂದ ದಾರಿ ತಪ್ಪಿ ಬಂದ ಲೆಸ್ಸರ್ ಸ್ಕಾಪ್ ಗಂಡೇ? ಸ್ವಲ್ಪ ತಾಳಿ.

ಕೊಕ್ಕು ನೋಡಿ. ಸ್ಕಾಪ್‌ಗೆ ಕಪ್ಪು ಇರುವುದು ತುದಿಯಲ್ಲಿ ಉಗುರಿನಷ್ಟೇ. ಇದಕ್ಕೋ, ಮಸಿಯಲ್ಲಿ ಅದ್ದಿ ತೆಗೆದಂತೆ ಇಡೀ ತುದಿಯೇ ಕಪ್ಪು. ನನಗೆ ಅನುಮಾನ ಶುರುವಾಗುವುದೇ ಇಲ್ಲಿ. ಕಣ್ಣಿನಲ್ಲಿ ಕಿತ್ತಳೆ ಛಾಯೆ. ಬಿಸಿಲು ಬಿದ್ದರೆ ತಲೆಯಲ್ಲಿ ಕಂದುಗೆಂಪು. ಬೆನ್ನಿನ ಅಲೆಗೆರೆಗಳು ತೀರಾ ನವಿರು. ಸ್ಕಾಪ್‌ನಲ್ಲಾದರೆ ಒರಟಾಗಿ ಎದ್ದು ಕಾಣುತ್ತವೆ.

ಇದು ಟಫ್ಟೆಡ್ ಡಕ್ (ಜುಟ್ಟಿನ ಬಾತು) ಮತ್ತು ಪೋಚರ್ಡ್‌ ಬಾತಿನ ಮಿಶ್ರತಳಿ. ಉಬ್ಬು ಜುಟ್ಟಿನ ಬಾತಿನದು, ಕೆಂಪು ಪೋಚರ್ಡಿನದು.

ಇನ್ನೊಂದು ಮಾತು: ಮುಳುಗಿ ಮುಳುಗಿ ಮೇಯುವಾಗ ಗರಿ ಅಂಟಿಕೊಂಡು ತಲೆಯ ಆಕಾರವೇ ಬದಲಾಗುತ್ತದೆ. ಬಾತು ವಿಶ್ರಮಿಸುವವರೆಗೆ ಕಾಯಿರಿ.