ತಾಮ್ರದ ಬಿಂದಿಗೆ ಮತ್ತು ‘ನ್ಯಾನೊ’ ಮಾಯೆ

ಕ್ರೀಮು, ಸಾಕ್ಸು, ಗೋಡೆಯ ಬಣ್ಣ... ಎಲ್ಲದರ ಮೇಲೂ ಈಗ ‘ನ್ಯಾನೊ, ಕ್ರಿಮಿನಾಶಕ’ ಅಂತ ಬರೆದಿರುವುದನ್ನು ನೀವೂ ನೋಡಿರ್ತೀರಿ. ಎರಡು ಪಟ್ಟು ಬೆಲೆ ಕೊಟ್ಟು ತರಬೇಕೋ ಬೇಡವೋ ಅನ್ನುವ ಗೊಂದಲ ನಿಮಗಿದ್ದರೆ, ಮೊದಲು ನಿಮ್ಮ ಮನೆ ಅಟ್ಟದ ಮೇಲೊಮ್ಮೆ ನೋಡಿ. ತಾಮ್ರದ ಬಿಂದಿಗೆ ಇದೆಯಾ?

ಹನೂರು ತಾಲ್ಲೂಕಿನ ಮಾರ್ಟಳ್ಳಿಯಲ್ಲಿ ನಮ್ಮತ್ತೆ ಕುಡಿಯುವ ನೀರನ್ನು ತಾಮ್ರದ ಬಿಂದಿಗೆಯಲ್ಲೇ ತುಂಬಿಡುತ್ತಿದ್ದರು. ಹುಣಸೆಹಣ್ಣು ಹಾಕಿ ಉಜ್ಜುವುದೇ ಒಂದು ಕೆಲಸ ಅಂತ ನಾನು ಅದನ್ನು ಪಾತ್ರೆ ಅಂಗಡಿಗೆ ಹಾಕಿ ಸ್ಟೀಲಿನದು ತಂದೆ! ಬುದ್ಧಿವಂತಿಕೆ ಅಂದುಕೊಂಡಿದ್ದೆ.

ಬೆಂಗಳೂರಿನ ಆಯುರ್ವೇದ ಸಂಶೋಧನಾ ಸಂಸ್ಥೆಯೊಂದರ ವಿಜ್ಞಾನಿಗಳು 2012ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಾಲರಾ, ಟೈಫಾಯ್ಡ್, ಆಮಶಂಕೆ ತರುವ ಬ್ಯಾಕ್ಟೀರಿಯಾಗಳನ್ನು ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟರು. ಆಮೇಲೆ ಪರೀಕ್ಷೆ ಮಾಡಿದರೆ ಜೀವಂತ ಬ್ಯಾಕ್ಟೀರಿಯಾ ಸಿಗಲಿಲ್ಲ. ನೀರಿಗೆ ಬಿಟ್ಟ ತಾಮ್ರ ಲೀಟರಿಗೆ 0.2 ಮಿಲಿಗ್ರಾಂಗೂ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 2 ಮಿಲಿಗ್ರಾಂ.

ನ್ಯಾನೊ ಕಣಗಳ ಕೆಲಸವೂ ಹೆಚ್ಚುಕಡಿಮೆ ಇದೇ ರೀತಿ. ತಾಮ್ರದ ಆಕ್ಸೈಡ್, ಸತುವಿನ ಆಕ್ಸೈಡ್ ಅಂದರೆ ಜಿಂಕ್ ಆಕ್ಸೈಡ್ ಒಂದಿಷ್ಟಿಷ್ಟೇ ಲೋಹದ ಅಯಾನುಗಳನ್ನು ಬಿಡುತ್ತವೆ. ಅವು ಬ್ಯಾಕ್ಟೀರಿಯಾದ ಹೊರಪೊರೆ ಹಾಳು ಮಾಡುತ್ತವೆ, ಬೆಳಕು ಬಿದ್ದರೆ ಹೈಡ್ರೋಜನ್ ಪೆರಾಕ್ಸೈಡ್‌ನಂಥ ಸುಡುವ ವಸ್ತುಗಳೂ ಹುಟ್ಟುತ್ತವೆ. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ನ್ಯಾನೊಮೀಟರ್. ಅಷ್ಟು ಪುಡಿ ಮಾಡಿದಾಗ ಅದೇ ಚಿಟಿಕೆ ಪುಡಿಗೆ ಬ್ಯಾಕ್ಟೀರಿಯಾ ತಾಗುವ ಮೈ ಎಷ್ಟೋ ಪಟ್ಟು ಹೆಚ್ಚುತ್ತದೆ. ಒಂದು ಅಚ್ಚು ಬೆಲ್ಲಕ್ಕಿಂತ ಪುಡಿಬೆಲ್ಲ ಬೇಗ ಕರಗೋದಿಲ್ವೇ, ಹಾಗೆ.

ಜಿಂಕ್ ಆಕ್ಸೈಡ್ ನಿಮಗೆ ಹೊಸದೇನಲ್ಲ ಬಿಡಿ. ಬೆವರುಗುಳ್ಳೆಗೆ ಹಚ್ಚುವ ಗುಲಾಬಿ ಕ್ಯಾಲಮೈನ್ ಲೋಶನ್‌ನಲ್ಲಿ, ಮಗುವಿನ ಡೈಪರ್ ರಾಶ್ ಕ್ರೀಮಿನಲ್ಲಿ ಇರುವುದು ಅದೇ. ಸನ್‌ಸ್ಕ್ರೀನಿನಲ್ಲಿ ಅದನ್ನು ನ್ಯಾನೊ ಮಾಡುವುದು ಮುಖ ಸುಣ್ಣ ಬಳಿದಂತೆ ಕಾಣದಿರಲಿ ಅಂತ. ಹಚ್ಚಿಕೊಳ್ಳುವ ಕ್ರೀಮಾದರೆ ಸರಿ, ಸ್ಪ್ರೇ ಬೇಡ. ಆ ಕಣಗಳು ಉಸಿರಿನ ಜೊತೆ ಒಳಗೆ ಹೋಗಬಾರದು. ಸಾಕ್ಸಿನ ಕತೆ ಕೇಳಿ: ಬೆಳ್ಳಿಯ ನ್ಯಾನೊ ಕಣ ಹಾಕಿದ್ದ ಕೆಲವು ಸಾಕ್ಸುಗಳನ್ನು ಅಮೆರಿಕದ ಸಂಶೋಧಕರು 2008ರಲ್ಲಿ ತೊಳೆದು ನೋಡಿದಾಗ ನಾಲ್ಕೇ ಒಗೆತಕ್ಕೆ ಬೆಳ್ಳಿಯೆಲ್ಲ ಹೆಚ್ಚೂಕಡಿಮೆ ಚರಂಡಿಗೆ! ದುಡ್ಡೂ ಅದರ ಜೊತೆಗೇ.

ಬಿಂದಿಗೆ ಕೊಳ್ಳುವವರಿಗೆ ಒಂದೆರಡು ಮಾತು. ಒಳಗೆ ಕಲಾಯಿ ಹಾಕಿಸಬೇಡಿ. ತವರದ ಲೇಪ ಬಿದ್ದರೆ ನೀರಿಗೆ ತಾಮ್ರ ತಾಗುವುದೇ ಇಲ್ಲ. ಮಜ್ಜಿಗೆ, ನಿಂಬೆ ಪಾನಕ, ಹುಣಸೆ ಹಾಕಿದ ಸಾರಿಗೆ ಮಾತ್ರ ಕಲಾಯಿಯಿಲ್ಲದ ತಾಮ್ರ ಖಂಡಿತ ಕೂಡದು, ಹುಳಿಗೆ ತಾಮ್ರ ವಿಪರೀತ ಬಿಟ್ಟು ವಾಂತಿಯಾದೀತು. ಕೆಸರು ನೀರು, ಟ್ಯಾಂಕರಿನ ಅನುಮಾನದ ನೀರು ಇದ್ದರೆ ಬಿಂದಿಗೆಯನ್ನು ನಂಬಿ ಕೂರದೆ ಕುದಿಸಿ. ಫ್ಲೋರೈಡು, ಉಪ್ಪಿನಂಶ ಇದರಿಂದ ಹೋಗೋದಿಲ್ಲ. ಮಗುವಿಗೆ ಭೇದಿ ಶುರುವಾದರೆ ತಾಮ್ರದ ನೀರು ಔಷಧಿ ಅಂತ ಕಾಯಬೇಡಿ. ಓಆರ್‌ಎಸ್ ಕುಡಿಸುತ್ತಾ ಡಾಕ್ಟರ ಹತ್ತಿರ ಹೋಗಿ.

ಪ್ರಯೋಗದಲ್ಲಿ ಇಟ್ಟದ್ದು 16 ಗಂಟೆ ಅನ್ನುವುದು ನೆನಪಿರಲಿ. ಮಧ್ಯಾಹ್ನ ಮೂರಕ್ಕೆ ತುಂಬಿದರೆ ಬೆಳಿಗ್ಗೆ ಏಳಕ್ಕೆ ಸಿದ್ಧ. ಮಾರ್ಟಳ್ಳಿಯಲ್ಲಿ ಉಳಿದಿದ್ದ ಒಂದು ದೊಡ್ಡ ಚೊಂಬನ್ನು ಈ ಸಲ ಕೇಳಿ ತಂದೆ. ಅತ್ತೆ ಏನೂ ಅನ್ನಲಿಲ್ಲ, ಹುಣಸೆಹಣ್ಣಿನ ಉಂಡೆಯೊಂದನ್ನು ಜೊತೆಗೆ ಕಟ್ಟಿಕೊಟ್ಟರು.