ಕ್ಯಾಮೆರಾಕ್ಕೊಂದು ಚಾಳೀಸು

ನಲವತ್ತು ದಾಟಿದವರು ಪತ್ರಿಕೆ ಓದಲು ಮೂಗಿಗೇರಿಸುವ ಚಾಳೀಸು ಮಾಡುವ ಕೆಲಸವನ್ನೇ ಕ್ಯಾಮೆರಾಕ್ಕೆ ಕ್ಲೋಸ್‌-ಅಪ್‌ ಲೆನ್ಸ್ ಮಾಡುತ್ತದೆ. ಎರಡೂ ಉಬ್ಬುಗಾಜು. ಹತ್ತಿರದ್ದು ಮಸುಕಾಗಿ ಕಾಣುವ ಕಣ್ಣಿಗೆ ಒಂದು ನೆರವಾದರೆ, ಹತ್ತಿರಕ್ಕೆ ಹೋದೊಡನೆ ಫೋಕಸ್ ಕಳೆದುಕೊಳ್ಳುವ ಲೆನ್ಸಿಗೆ ಇನ್ನೊಂದು. ಅಳತೆಯೂ ಒಂದೇ. ಕನ್ನಡಕದ ಅಂಗಡಿಯ ಚೀಟಿಯಲ್ಲಿ ‘ಪ್ಲಸ್ ಎರಡು’ ಎಂದು ಬರೆಯುವ ಡಯಾಪ್ಟರ್ ಸಂಖ್ಯೆಯೇ ಈ ಗಾಜಿನ ಉಂಗುರದ ಮೇಲೂ ಇರುತ್ತದೆ. +1, +2, +4, +10 ಎಂಬ ನಾಲ್ಕು ಗಾಜುಗಳ ಸೆಟ್ ಒಂದೆರಡು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಇರುವೆ, ಜೇಡ, ಕಣಜಗಳ ಬದುಕನ್ನು ವಿಡಿಯೊದಲ್ಲಿ ಹಿಡಿಯುವ ಆಸೆಯಿದ್ದೂ ಹತ್ತಾರು ಸಾವಿರದ ಮ್ಯಾಕ್ರೊ ಲೆನ್ಸ್ ಕೊಳ್ಳಲಾಗದವರಿಗೆ ಇದೇ ಸುಲಭದ ದಾರಿ.

ಇದಕ್ಕಾಗಿ ಕಾಡಿಗೆ ಹೋಗಬೇಕಾಗಿಲ್ಲ. ಮೈಸೂರನ್ನೇ ನೆಲೆಯಾಗಿಸಿಕೊಂಡ ಕೃಪಾಕರ-ಸೇನಾನಿ ಜೋಡಿ ಕಾಡುನಾಯಿಗಳ ಬೆನ್ನು ಹತ್ತಿ ವರ್ಷಗಟ್ಟಲೆ ಕಾಡಿನಲ್ಲಿ ಕಳೆದು ‘ದಿ ಪ್ಯಾಕ್’ ಚಿತ್ರ ಮಾಡಿತು, 2010ರಲ್ಲಿ ‘ಹಸಿರು ಆಸ್ಕರ್’ ಪಡೆಯಿತು. ಅಂಥ ಕೆಲಸಕ್ಕೆ ಬೇಕಾಗುವ ಕಾಲ, ಅನುಮತಿ, ಸಲಕರಣೆ ಎಲ್ಲರಿಗೂ ಒದಗುವುದಿಲ್ಲ. ಆದರೆ ಅದೇ ಊರಿನ ಅಗ್ರಹಾರದಲ್ಲಿ, ನೂರೊಂದು ಗಣಪತಿ ದೇವಸ್ಥಾನ, ರಾಮಾನುಜ ರಸ್ತೆ, ವಾಣಿವಿಲಾಸ ಮಾರುಕಟ್ಟೆಯ ಆಸುಪಾಸಿನ ಹಳೆಯ ಬೀದಿಗಳಲ್ಲಿ, ತುಳಸಿಕಟ್ಟೆ, ಕರಿಬೇವಿನ ಗಿಡ, ಗಾರೆ ಉದುರಿದ ಗೋಡೆ, ಮನೆಗಳ ಬೆನ್ನಿಗಿರುವ ಕನ್ಸರ್ವೆನ್ಸಿ ಓಣಿ ಇವಿಷ್ಟಿದ್ದರೆ ವರ್ಷವಿಡೀ ಚಿತ್ರೀಕರಿಸುವಷ್ಟು ಜೀವಿಗಳು ಸಿಗುತ್ತವೆ.

ಡಯಾಪ್ಟರ್ ಎಂದರೆ ಮೀಟರಿನಲ್ಲಿ ಅಳೆದ ಸಂಗಮದೂರದ ವಿಲೋಮ. +2 ಗಾಜಿನ ಸಂಗಮದೂರ ಅರ್ಧ ಮೀಟರ್, +4ರದು 25 ಸೆಂಟಿಮೀಟರ್, +10ರದು 10 ಸೆಂಟಿಮೀಟರ್. ಮುಖ್ಯ ಲೆನ್ಸನ್ನು ಅನಂತಕ್ಕೆ ಫೋಕಸ್ ಮಾಡಿಟ್ಟರೆ ಜೀವಿ ಸ್ಪಷ್ಟವಾಗಿ ಕಾಣುವುದು ಸರಿಯಾಗಿ ಅಷ್ಟೇ ದೂರದಲ್ಲಿ. ಎರಡು ಗಾಜುಗಳನ್ನು ಒಂದರ ಮೇಲೊಂದು ಹಾಕಿದರೆ ಸಂಖ್ಯೆಗಳು ಕೂಡುತ್ತವೆ: +2 ಮತ್ತು +4 ಸೇರಿ +6.

ಕೊಳ್ಳುವವರು ಹೆಚ್ಚಾಗಿ ಎಡವುವುದು ಇದರ ಮುಂದಿನ ಲೆಕ್ಕದಲ್ಲಿ. ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ಈ ಗಾಜೊಂದೇ ನಿರ್ಧರಿಸುವುದಿಲ್ಲ, ಅದರ ಹಿಂದಿರುವ ಲೆನ್ಸೂ ನಿರ್ಧರಿಸುತ್ತದೆ. ಮುಖ್ಯ ಲೆನ್ಸಿನ ಸಂಗಮದೂರವನ್ನು ಗಾಜಿನ ಸಂಗಮದೂರದಿಂದ ಭಾಗಿಸಿದರೆ ಬರುವುದೇ ವರ್ಧನೆ. ಕ್ಯಾಮೆರಾದ ಜತೆ ಬರುವ ಸಾಮಾನ್ಯ ಲೆನ್ಸನ್ನು 55 ಮಿಲಿಮೀಟರಿನಲ್ಲಿಟ್ಟು +4 ಗಾಜು ತೊಡಿಸಿದರೆ ವರ್ಧನೆ 0.22 ಮಾತ್ರ, ಚೌಕಟ್ಟಿನ ಅಗಲಕ್ಕೆ ಸುಮಾರು 11 ಸೆಂಟಿಮೀಟರ್ ಜಾಗ ಹಿಡಿಸುತ್ತದೆ. ಅದೇ ಗಾಜನ್ನು 200 ಮಿಲಿಮೀಟರ್ ಜೂಮಿಗೆ ಹಾಕಿದರೆ ವರ್ಧನೆ 0.8, ಅಗಲ 3 ಸೆಂಟಿಮೀಟರ್. ಜೀವಿಯಿಂದ ಇರಬೇಕಾದ ದೂರ ಎರಡರಲ್ಲೂ 25 ಸೆಂಟಿಮೀಟರೇ. ಹಕ್ಕಿಯ ಆಸೆಗೆ ಕೊಂಡು ಬೀರುವಿನಲ್ಲಿ ಕೂತಿರುವ ಜೂಮ್ ಲೆನ್ಸೇ ಹುಳುವಿಗೂ ಒಳ್ಳೆಯ ಜೊತೆ. ಗಾಜು ಕೊಳ್ಳುವ ಮುನ್ನ ಲೆನ್ಸಿನ ಮುಂಭಾಗದಲ್ಲಿ 52, 55, 58 ಎಂದೆಲ್ಲ ಬರೆದಿರುವ ತಿರುಪಿನ ಅಳತೆಯನ್ನು ನೋಡಿಕೊಳ್ಳಬೇಕು.

ಅಗ್ಗದ ಒಂಟಿ ಗಾಜಿಗೆ ದೋಷಗಳಿವೆ. ಬಣ್ಣಬಣ್ಣದ ಬೆಳಕನ್ನು ಅದು ಒಂದೇ ಬಿಂದುವಿಗೆ ತರಲಾರದು. ಹಾಗಾಗಿ ಜೇಡನ ಕಾಲಿನ ಅಂಚಿನಲ್ಲಿ ನೇರಳೆ ಗೆರೆ ಮೂಡುತ್ತದೆ, ಮೂಲೆಗಳು ಮಸುಕಾಗುತ್ತವೆ. ಎರಡು ಬಗೆಯ ಗಾಜು ಸೇರಿಸಿ ಮಾಡಿದ ಅಕ್ರೊಮ್ಯಾಟ್ ಲೆನ್ಸುಗಳಲ್ಲಿ ಈ ತೊಂದರೆ ಬಹುಮಟ್ಟಿಗೆ ಇಲ್ಲ. ಕ್ಯಾನನ್‌ನ +2ರ 500ಡಿ, ಜಪಾನಿನ ರೇನಾಕ್ಸ್ ಕಂಪನಿಯ +8ರ ಡಿಸಿಆರ್-250 ಇಂಥವು. ರೇನಾಕ್ಸನ್ನು 200 ಮಿಲಿಮೀಟರ್ ಜೂಮಿಗೆ ಸಿಕ್ಕಿಸಿದರೆ ಚೌಕಟ್ಟಿನ ಅಗಲ ಒಂದೂವರೆ ಸೆಂಟಿಮೀಟರಿಗೆ ಇಳಿಯುತ್ತದೆ. ಆದರೂ ಮೊದಲ ವರ್ಷಕ್ಕೆ ಒಂಟಿ ಗಾಜೇ ಸಾಕು. ಫುಲ್ ಎಚ್‌ಡಿ ವಿಡಿಯೊದ ಒಂದು ಚೌಕಟ್ಟಿನಲ್ಲಿರುವುದು ಬರೀ 20 ಲಕ್ಷ ಚುಕ್ಕೆ. ದೊಡ್ಡ ಫೋಟೊದಲ್ಲಿ ಎದ್ದು ಕಾಣುವ ದೋಷ ಓಡುವ ಚಿತ್ರದಲ್ಲಿ ಅಷ್ಟಾಗಿ ಕಾಣುವುದಿಲ್ಲ. ಮೊಬೈಲಿಗೆ ಕ್ಲಿಪ್ಪಿನಿಂದ ಸಿಕ್ಕಿಸುವ ಗಾಜುಗಳ ತತ್ವವೂ ಇದೇ. ಅವುಗಳ ಕೊರತೆ ದೂರದ್ದು: ಎರಡು-ಮೂರು ಸೆಂಟಿಮೀಟರಿನಷ್ಟು ಹತ್ತಿರ ಹೋದರೆ ಮೊಬೈಲಿನ ನೆರಳೇ ಹುಳುವಿನ ಮೇಲೆ ಬೀಳುತ್ತದೆ.

ನಿಜವಾದ ಕಷ್ಟ ಫೋಕಸ್‌ನದು. ಹುಳುವನ್ನು ಅದರ ನಿಜಗಾತ್ರದಲ್ಲೇ ಸೆನ್ಸರಿನ ಮೇಲೆ ಮೂಡಿಸಿದಾಗ ಸ್ಪಷ್ಟವಾಗಿ ಕಾಣುವ ಆಳ ಒಂದು ಮಿಲಿಮೀಟರಿಗೂ ಕಡಿಮೆ. ಇರುವೆಯ ಕಣ್ಣು ಸ್ಪಷ್ಟವಾದರೆ ಹೊಟ್ಟೆ ಮಂಜು. ಆಟೊಫೋಕಸ್ ಇಲ್ಲಿ ತಡಕಾಡುತ್ತದೆ. ಅದನ್ನು ಆಫ್ ಮಾಡಿ, ಕ್ಯಾಮೆರಾವನ್ನೇ ಕೂದಲೆಳೆಯಷ್ಟು ಹಿಂದೆಮುಂದೆ ಸರಿಸುವುದು ಉತ್ತಮ. ನೆಲದ ಮೇಲಿನ ಜೀವಿಗೆ ಟ್ರೈಪಾಡಿಗಿಂತ ರಾಗಿ ತುಂಬಿದ ಪುಟ್ಟ ಬಟ್ಟೆಚೀಲ ಚೆನ್ನಾಗಿ ಕೂರುತ್ತದೆ. ಆಷಾಢದ ಗಾಳಿಯಲ್ಲಿ ಎಲೆ ಒಂದೇ ಸಮ ಅಲ್ಲಾಡುವುದರಿಂದ ಆಗ ಗೋಡೆಯ ಜೀವಿಗಳನ್ನೇ ನೆಚ್ಚಬೇಕು.

ಬೆಳಕಿಗೆ ಬೆಳಗಿನ ಎಳೆಬಿಸಿಲು ಮೇಲು. ಮಧ್ಯಾಹ್ನ ಬಿಳಿ ಪಂಚೆಯ ತುಂಡನ್ನೋ ಬಟರ್ ಪೇಪರನ್ನೋ ಮೇಲೆ ಹಿಡಿದರೆ ಬಿಸಿಲು ಮೃದುವಾಗುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸಿನದು. ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಮನೆಯೊಳಗೆ ಚಿತ್ರೀಕರಿಸುವಾಗ ಶಟರ್ ವೇಗ 1/50 ಅಥವಾ 1/100 ಇದ್ದರೆ ಚಿತ್ರದಲ್ಲಿ ಆ ಮಿನುಗು ಕಾಣದು. ನಿಧಾನಗತಿಯ ಚಿತ್ರಕ್ಕೆ ಸೂರ್ಯನ ಬೆಳಕೇ ವಾಸಿ.

ಇನ್ನು ಜೀವಿಗಳು. ಕಾಂಪೌಂಡು ಗೋಡೆಯ ಬೂದುಬಣ್ಣದ ಜಿಗಿಯುವ ಜೇಡದಿಂದ ಶುರು ಮಾಡುವುದು ಒಳ್ಳೆಯದು. ಒಂದು ಸೆಂಟಿಮೀಟರೂ ಇರದ ಇದಕ್ಕೆ ಎಂಟು ಕಣ್ಣು. ಮುಂದಿನ ಎರಡು ದೊಡ್ಡ ಕಣ್ಣುಗಳ ಮಸೂರ ಅಲುಗಾಡುವುದಿಲ್ಲ, ಅದರ ಹಿಂದಿನ ನಳಿಕೆಯಂಥ ಅಕ್ಷಿಪಟಲ ಒಳಗೇ ಚಲಿಸುತ್ತದೆ. ಬಲೆ ಕಟ್ಟದೆ ಕಣ್ಣಿನಿಂದಲೇ ಬೇಟೆಯಾಡುವ ಜೇಡ ಇದಾದ್ದರಿಂದ, ಲೆನ್ಸ್ ಎದುರಾದಾಗ ಓಡಿಹೋಗುವ ಬದಲು ಮೈತಿರುಗಿಸಿ ನೋಡುತ್ತದೆ. ಚಿತ್ರಗಾರನನ್ನು ತಾನೇ ದಿಟ್ಟಿಸುವ ಇಂಥ ಜೀವಿ ಹೊಸಬರಿಗೆ ದೊಡ್ಡ ವರ.

ಕರಿಬೇವು, ನಿಂಬೆ ಗಿಡಗಳಲ್ಲಿ ನಿಂಬೆ ಚಿಟ್ಟೆಯ ಮರಿಹುಳು ಸಿಗುತ್ತದೆ. ಚಿಕ್ಕದಿರುವಾಗ ಹಕ್ಕಿಯ ಹಿಕ್ಕೆಯಂತೆ ಕಾಣುವ ಅದು ಕೊನೆಗೆ ಎಲೆಹಸಿರಾಗುತ್ತದೆ. ಕೆಣಕಿದರೆ ತಲೆಯ ಹಿಂದಿನಿಂದ ಕವಲೊಡೆದ, ವಾಸನೆ ಬೀರುವ ಕೊಂಬು ಹೊರಚಾಚುತ್ತದೆ. ಹಳೆಯ ಗೋಡೆಯ ಸಂದಿನಲ್ಲಿ ಮುಜಂಟಿ ಜೇನಿನ ಗೂಡಿದ್ದರೆ ಮೇಣದ ಪುಟ್ಟ ಕೊಳವೆಯೊಂದು ಹೊರಗೆ ಕಾಣುತ್ತದೆ. ಚುಚ್ಚಲು ಬಾರದ, ನಾಲ್ಕು ಮಿಲಿಮೀಟರಿನ ಈ ಜೇನುಗಳು ಅದರ ಬಾಯಲ್ಲಿ ಕಾವಲು ನಿಲ್ಲುತ್ತವೆ. ಕೊಳವೆ ಅಲುಗಾಡದು, ಜೇನು ಅಲ್ಲಿಗೇ ಬರುತ್ತದೆ. ಫೋಕಸ್ ಒಮ್ಮೆ ಕೂರಿಸಿದರೆ ಸಾಕು.

ಕುಂಬಾರ ಕಣಜದ ಕತೆ ಇನ್ನೂ ಸ್ವಾರಸ್ಯದ್ದು. ಕಣಜ ಹುಳುವೊಂದನ್ನು ಗೂಡಿಗೆ ತಂದಿಡುತ್ತದೆ, ಕಣಜವನ್ನೇ ಧ್ಯಾನಿಸುತ್ತ ಹುಳು ತಾನೂ ಕಣಜವಾಗುತ್ತದೆ ಎಂಬುದು ‘ಭ್ರಮರ-ಕೀಟ ನ್ಯಾಯ’. ವೇದಾಂತಿಗಳು ಈ ದೃಷ್ಟಾಂತವನ್ನು ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ನೋಡಿದವರು ಸುಳ್ಳು ನೋಡಿರಲಿಲ್ಲ. ಹುಳು ಒಳಗೆ ಹೋದದ್ದೂ, ಕಣಜ ಹೊರಬಂದದ್ದೂ ನಿಜ. ನಡುವಿನದು ಮಾತ್ರ ಬರಿಗಣ್ಣಿಗೆ ಕಂಡಿರಲಿಲ್ಲ. ಹೆಣ್ಣು ಕಣಜ ಮಣ್ಣಿನ ಗಡಿಗೆಯ ಒಳಛಾವಣಿಗೆ ಸಣ್ಣ ಎಳೆಯಿಂದ ಮೊಟ್ಟೆಯೊಂದನ್ನು ತೂಗುಹಾಕುತ್ತದೆ. ಆಮೇಲೆ ಕುಟುಕಿ ನಿಶ್ಚೇಷ್ಟಗೊಳಿಸಿದ ಮರಿಹುಳುಗಳನ್ನು ತುಂಬಿ ಬಾಯಿ ಮುಚ್ಚುತ್ತದೆ. ಮೊಟ್ಟೆಯೊಡೆದ ಮರಿ ಅವನ್ನು ತಿಂದು ಬೆಳೆಯುತ್ತದೆ. ಗಡಿಗೆ ಕಟ್ಟುವುದು, ಹುಳು ಸಾಗಿಸುವುದು, ಕೊನೆಗೆ ಹೊಸ ಕಣಜ ಗೋಡೆ ಕೊರೆದು ಬರುವುದು ಇಷ್ಟನ್ನೂ ಒಂದು +4 ಗಾಜು ಹಿಡಿಯಬಲ್ಲದು.

ಓಣಿಯ ಕಾಂಗ್ರೆಸ್ ಗಿಡದಲ್ಲೂ ಒಂದು ಚರಿತ್ರೆಯಿದೆ. ಆ ಕಳೆಯನ್ನು ಹತ್ತಿಕ್ಕಲೆಂದು ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ, ಕೆನೆಬಣ್ಣದ ಮೇಲೆ ಕಂದುಗೆರೆಯ ಜೀರುಂಡೆಯ ಸಂತತಿ ಇಂದು ಎಲೆಗಳನ್ನು ಜರಡಿ ಮಾಡುತ್ತಿರುತ್ತದೆ.

ಹುಳುವನ್ನು ಫ್ರಿಜ್ಜಿನಲ್ಲಿಟ್ಟು ಜಡಗೊಳಿಸುವುದು, ಅಂಟು ಹಾಕಿ ನಿಲ್ಲಿಸುವುದು, ಗೂಡು ಒಡೆದು ಒಳಗೆ ಇಣುಕುವುದು ಕೆಲವರಲ್ಲಿ ಬಳಕೆಯಲ್ಲಿದೆ. ಅದು ಹಿಂಸೆ, ಚಿತ್ರಕ್ಕೂ ನಷ್ಟ. ತಣ್ಣಗಾದ ಜೇಡನ ಕಾಲು ಮುದುಡಿದ್ದು ಪರದೆಯ ಮೇಲೆ ಯಾರಿಗಾದರೂ ಗೊತ್ತಾಗುತ್ತದೆ. ಅಡ್ಡಬಂದ ಎಲೆಯನ್ನು ಕೀಳದೆ ದಾರದಿಂದ ಪಕ್ಕಕ್ಕೆ ಕಟ್ಟಿ, ಕೆಲಸವಾದ ಮೇಲೆ ಬಿಚ್ಚಿದರಾಯಿತು. ಮರಿಹುಳುವಿಗೆ ನೆರಳೂ ಮರೆಯೂ ಆ ಎಲೆಯೇ.